ನೆಲ ಉರಿದು ನೀರಾದ ಊರು

ರಸ್ತೆಯೇ ಇಲ್ಲದ ಊರು ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಘಟ್ಟದ ನಡುವಿನ ಯಾವುದೋ ಕಾಡುಹಳ್ಳಿ. ಆದರೆ ಈಗ ಹೇಳಹೊರಟಿರುವುದು ಯುರೋಪಿನ ಶ್ರೀಮಂತ ದೇಶಗಳಲ್ಲಿ ಒಂದಾದ ನೆದರ್‌ಲ್ಯಾಂಡ್ಸಿನ, ಅಂದರೆ ನಾವು ರೂಢಿಯಲ್ಲಿ ಹಾಲೆಂಡ್ ಎನ್ನುವ ದೇಶದ ಒಂದು ಹಳ್ಳಿಯ ಸಂಗತಿ. ಈ ಊರಿನ ಹಳೆಯ ಭಾಗದಲ್ಲಿ ಮನೆಗಳ ಮುಂದೆ ರಸ್ತೆಯ ಬದಲು ಕಾಲುವೆ ಇದೆ. ಹೆಚ್ಚಿನ ಮನೆಗಳು ಪುಟ್ಟ ಪುಟ್ಟ ನಡುಗಡ್ಡೆಗಳ ಮೇಲಿವೆ. ಈಚೆಯಿಂದ ಆಚೆಗೆ ದಾಟಲು ಬಿಲ್ಲಿನಂತೆ ಬಾಗಿದ ಮರದ ಸೇತುವೆಗಳು. ಅಂಥ ಸೇತುವೆಗಳು ಊರಿನಲ್ಲಿ 170ಕ್ಕೂ ಹೆಚ್ಚು. ಒಂದು ಕಾಲಕ್ಕೆ ಹುಲ್ಲಿನ ಹೊರೆ, ಹಸು-ಕರು, ಮನೆಯ ಸಾಮಾನು ಎಲ್ಲವೂ ಇಲ್ಲಿ ದೋಣಿಯಲ್ಲೇ ಸಾಗಬೇಕಿತ್ತು. ಹುಲ್ಲು ಹೇರಿದ ದೋಣಿ ಅಡಿಯಲ್ಲಿ ನುಸುಳಬೇಕೆಂದೇ ಸೇತುವೆಗಳನ್ನು ಅಷ್ಟು ಎತ್ತರಕ್ಕೆ ಬಾಗಿಸಿ ಕಟ್ಟಿದ್ದಾರೆ.

ಊರಿನ ಹೆಸರನ್ನು ಇಂಗ್ಲಿಷ್ ಕಾಗುಣಿತ ನೋಡಿ ನಾವು 'ಗೀಥೂರ್ನ್' ಎಂದು ಓದುತ್ತೇವೆ. ಅಲ್ಲಿನವರ ಬಾಯಲ್ಲಿ ಅದು 'ಖೀಟ್‌ಹೋರ್ನ್'. ಮೇಕೆಯ ಕೊಂಬು ಎಂಬ ಮಾತಿನಿಂದ ಬಂದ ಹೆಸರಿದು. 1170ರ ಮಹಾಪ್ರವಾಹದಲ್ಲಿ ಸತ್ತ ಕಾಡುಮೇಕೆಗಳ ಕೊಂಬುಗಳು ಇಲ್ಲಿಗೆ ಮೊದಲು ಬಂದು ನೆಲೆಸಿದವರಿಗೆ ಮಣ್ಣಿನಲ್ಲಿ ಸಿಕ್ಕವು ಎಂಬುದು ಐತಿಹ್ಯ. ದೇಶದ ಈಶಾನ್ಯಕ್ಕೆ, ಓವರ್‌ಐಸೆಲ್ ಎಂಬ ಪ್ರಾಂತ್ಯದಲ್ಲಿರುವ ಈ ಊರಿನ ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟುವುದಿಲ್ಲ. 1958ರಲ್ಲಿ ಬರ್ಟ್ ಹಾನ್‌ಸ್ಟ್ರಾ ಎಂಬ ನಿರ್ದೇಶಕ 'ಫ್ಯಾನ್‌ಫೇರ್' ಎಂಬ ಹಾಸ್ಯಚಿತ್ರವನ್ನು ಇಲ್ಲಿ ಚಿತ್ರೀಕರಿಸಿದ ಮೇಲೆ ಊರು ನಾಡಿಗೆಲ್ಲ ಪರಿಚಯವಾಯಿತು. ಇಂದು ಪ್ರವಾಸಿ ಪುಸ್ತಿಕೆಗಳು ಇದನ್ನು 'ಉತ್ತರದ ವೆನಿಸ್' ಎಂದು ಹೊಗಳುತ್ತವೆ.

ಹೊಗಳಿಕೆ ಇರಲಿ. ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಇಷ್ಟೊಂದು ಕಾಲುವೆಗಳನ್ನು ತೋಡಿದವರು ಯಾರು? ಊರಿನ ಪಕ್ಕದಲ್ಲೇ ಹರಡಿರುವ ಸರೋವರಗಳು ಎಲ್ಲಿಂದ ಬಂದವು? ತೋಡಿ ತೆಗೆದ ಮಣ್ಣೆಲ್ಲ ಎಲ್ಲಿ ಹೋಯಿತು?

ಗಾಲಿಯ ಮೇಲಿನ ಮನೆ

ಕಳೆದ ಬೇಸಿಗೆ ರಜೆಯಲ್ಲಿ ನಾನೂ ನನ್ನ ಶ್ರೀಮತಿಯೂ ಐಂಡ್‌ಹೋವೆನ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಅಣ್ಣನ ಮಗನ ಮನೆಗೆ ಹೋಗಿದ್ದೆವು. "ಚಿಕ್ಕಪ್ಪ, ಹೋಟೆಲು ಬೇಡ. ಕ್ಯಾಂಪರ್ ತೆಗೆದುಕೊಂಡು ಹೋಗೋಣ. ಚಿಕ್ಕಮ್ಮನಿಗೂ ಊಟದ ತಾಪತ್ರಯ ಇರೋದಿಲ್ಲ" ಎಂದು ಅವನೇ ಹೊರಡಿಸಿದ. ಅವನ ಹೆಂಡತಿ, ಏಳನೆಯ ತರಗತಿಯಷ್ಟು ವಯಸ್ಸಿನ ಮಗಳು, ನಾವಿಬ್ಬರು, ಹೀಗೆ ಒಟ್ಟು ಐದು ಜನ. ಎರಡು ರಾತ್ರಿ, ಮೂರು ಹಗಲಿನ ಪ್ರವಾಸ.

ಕ್ಯಾಂಪರ್ ಎಂದರೆ ವ್ಯಾನಿನೊಳಗೆ ಕಟ್ಟಿದ ಮನೆ. ಮಡಚುವ ಮೇಜು, ರಾತ್ರಿ ಮಂಚವಾಗುವ ಆಸನ, ಎರಡು ಉರಿಯ ಗ್ಯಾಸ್ ಒಲೆ, ಪುಟ್ಟ ಫ್ರಿಜ್, ಕೈ ತೊಳೆಯುವ ತೊಟ್ಟಿ ಎಲ್ಲವೂ ಅದರಲ್ಲಿರುತ್ತವೆ. ತಿಂಡಿಗೆ ಉಪ್ಪಿಟ್ಟು, ಮಧ್ಯಾಹ್ನಕ್ಕೆ ಚಿತ್ರಾನ್ನ, ಸಂಜೆಗೆ ಅವಲಕ್ಕಿ ಎಲ್ಲವೂ ಅದರಲ್ಲೇ ಆದವು. ಆದರೆ ಕ್ಯಾಂಪರನ್ನು ಕಂಡ ಕಂಡ ಕಡೆ ನಿಲ್ಲಿಸಿ ಮಲಗುವಂತಿಲ್ಲ. ಅದಕ್ಕೆಂದೇ ಗೊತ್ತುಪಡಿಸಿದ ತಂಗುದಾಣಗಳಿವೆ. ಅಲ್ಲಿ ಬಾಡಿಗೆ ಕೊಟ್ಟರೆ ಕುಡಿಯುವ ನೀರಿನ ನಲ್ಲಿ, ವಿದ್ಯುತ್ತಿನ ಕಂಬ, ಸ್ನಾನದ ಮನೆ ದೊರೆಯುತ್ತವೆ. ಪಾತ್ರೆ ತೊಳೆದ ನೀರನ್ನೂ ಶೌಚದ ಪೆಟ್ಟಿಗೆಯನ್ನೂ ಬೇರೆ ಬೇರೆಯಾಗಿ ಅದಕ್ಕಾಗಿ ಮಾಡಿದ ಜಾಗದಲ್ಲೇ ಖಾಲಿ ಮಾಡಬೇಕು.

ಮಕ್ಕಳಿರುವ ಮನೆಯವರಿಗೆ ನಾನು ಕ್ಯಾಂಪರನ್ನು ಶಿಫಾರಸು ಮಾಡುವುದು ಇನ್ನೊಂದು ಕಾರಣಕ್ಕೆ. ಅದು ಚಲಿಸುವ ಪ್ರಯೋಗಶಾಲೆ. ನಮ್ಮ ತಂಗುದಾಣದ ಕಂಬದಲ್ಲಿ ಪ್ರತಿ ಗಾಡಿಗೂ 6 ಆಂಪಿಯರ್ ಮಿತಿ ಇತ್ತು. ಮನೆಯಿಂದ ತಂದಿದ್ದ ವಿದ್ಯುತ್ ಕೆಟಲಿನ ತಳ ನೋಡಿದ ಮೊಮ್ಮಗಳು, "ಚಿಕ್ಕಜ್ಜ, ಇದರ ಮೇಲೆ 2000 ವ್ಯಾಟ್ ಅಂತ ಬರೆದಿದೆ. ಇಲ್ಲಿ ಹಾಕಬಹುದಾ?" ಎಂದಳು. ಲೆಕ್ಕ ಮಾಡು ಎಂದೆ. 230 ವೋಲ್ಟನ್ನು 6 ಆಂಪಿಯರಿನಿಂದ ಗುಣಿಸಿದರೆ 1380 ವ್ಯಾಟ್. ಕೆಟಲ್ ಮತ್ತೆ ಚೀಲ ಸೇರಿತು, ಚಹಾ ಗ್ಯಾಸಿನ ಮೇಲೆ ಕಾಯಿತು. ನೀರಿನ ಟ್ಯಾಂಕು 100 ಲೀಟರಿನದು. ಐದು ಜನಕ್ಕೆ ಎರಡು ದಿನ ಬರಬೇಕೆಂದರೆ ತಲೆಗೆ ದಿನಕ್ಕೆ 10 ಲೀಟರ್. ಸುತ್ತ ಎಲ್ಲಿ ನೋಡಿದರೂ ನೀರಿರುವ ನಾಡಿನಲ್ಲಿ ನಾವು ಲೋಟದ ಲೆಕ್ಕದಲ್ಲಿ ಪಾತ್ರೆ ತೊಳೆದೆವು. ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬರುವ ನೀರು, ಗುಂಡಿ ಒತ್ತಿದರೆ ಬರುವ ವಿದ್ಯುತ್ತು ಲೆಕ್ಕಕ್ಕೆ ಸಿಗುವ ವಸ್ತುಗಳು ಎಂಬುದು ಮಕ್ಕಳಿಗೆ ಹೀಗೆ ಅನುಭವಕ್ಕೆ ಬಂದರೆ ಮರೆಯುವುದಿಲ್ಲ.

ಕೋಲು ಹೇಳಿದ ಸುಳಿವು

ಎರಡನೆಯ ದಿನ ಬೆಳಿಗ್ಗೆ ಪ್ರವಾಸಿಗರ ಗದ್ದಲ ಏರುವ ಮುಂಚೆಯೇ ದೋಣಿ ಹತ್ತಿದೆವು. ಸದ್ದಿಲ್ಲದೆ ಸಾಗುವ ಬ್ಯಾಟರಿ ದೋಣಿಗಳು ಇಲ್ಲಿ ಬಾಡಿಗೆಗೆ ಸಿಗುತ್ತವೆ. ಆದರೆ ಊರಿನ ಸಾಂಪ್ರದಾಯಿಕ ದೋಣಿ 'ಪುಂಟರ್'. ಚಪ್ಪಟೆ ತಳ, ಎರಡೂ ತುದಿ ಚೂಪು. ಹುಟ್ಟು ಹಾಕುವುದಕ್ಕಿಂತ ಉದ್ದನೆಯ ಕೋಲನ್ನು ನೀರಿನ ತಳಕ್ಕೆ ಊರಿ ಹಿಂದಕ್ಕೆ ನೂಕಿ ನಡೆಸುವುದೇ ಹೆಚ್ಚು. ಕೋಲು ತಳವನ್ನು ಹಿಂದಕ್ಕೆ ಒತ್ತಿದರೆ ತಳ ಕೋಲನ್ನು ಮುಂದಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಪಠ್ಯಪುಸ್ತಕದಲ್ಲೂ ಸಿಗದು.

ಕಾಲುವೆಯ ಎರಡೂ ಬದಿಗೆ ಜೊಂಡಿನ ಹೊದಿಕೆಯ ಹಳೆಯ ರೈತಮನೆಗಳು. ಕೆಲವು ಮನೆಗಳಲ್ಲಿ ವಾಸದ ಭಾಗ ತಗ್ಗಾಗಿದ್ದು ಹಿಂದಿನ ಹುಲ್ಲಿನ ಕೊಟ್ಟಿಗೆಯ ಛಾವಣಿ ಅದಕ್ಕಿಂತ ಎತ್ತರಕ್ಕೆ ಏರಿರುತ್ತದೆ. ಹುಲ್ಲು ಹೆಚ್ಚಾದಾಗ ಅಕ್ಕಪಕ್ಕಕ್ಕೆ ಕಟ್ಟಲು ನೆಲವಿರಲಿಲ್ಲ, ಆದ್ದರಿಂದ ಮೇಲಕ್ಕೆ ಕಟ್ಟಿದರು. ಇದನ್ನು ಅವರು ಒಂಟೆಬೆನ್ನಿನ ಛಾವಣಿ ಎನ್ನುತ್ತಾರೆ.

ಕಾಲುವೆ ಮುಗಿದು ದೋಣಿ ಬೋವೆನ್‌ವೈಡೆ ಎಂಬ ಸರೋವರಕ್ಕೆ ಬಂತು. ದಡ ದೂರವಾದ ಮೇಲೂ ಕೋಲು ತಳ ಮುಟ್ಟುತ್ತಲೇ ಇತ್ತು. ಮೊಮ್ಮಗಳಿಗೆ ಕೋಲಿನ ಮೇಲಿನ ಒದ್ದೆಯ ಗುರುತು ನೋಡಲು ಹೇಳಿದೆ. ದಡದ ಬಳಿ ಸುಮಾರು ಒಂದು ಮೀಟರ್, ನಡುವೆಯೂ ಸುಮಾರು ಒಂದು ಮೀಟರ್. ನಮ್ಮ ಕೆರೆಗಳು ಏರಿಯ ಕಡೆ ಆಳ, ಅಂಗಳದ ಕಡೆ ತೆಳು. ನದಿಯ ಮಡುವಾದರೆ ನಡುವೆ ಆಳ. ತಟ್ಟೆಯಂತೆ ಎಲ್ಲ ಕಡೆಯೂ ಹೆಚ್ಚುಕಡಮೆ ಒಂದೇ ಆಳವಿರುವ ಸರೋವರವನ್ನು ಕಂಡರೆ ಸಂಶಯ ಬರಬೇಕು. ಇದು ಪ್ರಕೃತಿ ಮಾಡಿದ್ದಲ್ಲ. ಮೇಲಿನ ಒಂದು ಪದರವನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ.

ಕಲ್ಲಿದ್ದಲಿನ ತಮ್ಮ

ಹಾಗೆ ಕಿತ್ತದ್ದು ಪೀಟ್ ಎಂಬ ವಸ್ತು. ಕಲ್ಲಿದ್ದಲಿನ ಪಾಠದಲ್ಲಿ ಪೀಟ್, ಲಿಗ್ನೈಟ್, ಬಿಟುಮಿನಸ್, ಆಂಥ್ರಸೈಟ್ ಎಂದು ನಾಲ್ಕು ಹಂತಗಳನ್ನು ಹೈಸ್ಕೂಲಿನ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅವುಗಳಲ್ಲಿ ಎಲ್ಲಕ್ಕೂ ಎಳೆಯದು ಈ ಪೀಟ್. ಜೌಗಿನಲ್ಲಿ ಬೆಳೆದ ಪಾಚಿ, ಜೊಂಡು, ಹುಲ್ಲು ಸತ್ತು ನೀರಿನಲ್ಲಿ ಮುಳುಗುತ್ತವೆ. ಅಲ್ಲಿ ಗಾಳಿಯಾಡುವುದಿಲ್ಲ. ಆಮ್ಲಜನಕ ಸಿಗದೆ ಸೂಕ್ಷ್ಮಜೀವಿಗಳ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ಅರೆಕೊಳೆತ ಸಸ್ಯಭಾಗ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಪದರ ಕಟ್ಟುತ್ತದೆ. ಒಂದು ಮೀಟರ್ ದಪ್ಪ ಪೀಟ್ ಆಗಲು ಸಾವಿರ ವರ್ಷ ಬೇಕು!

ಮರ ಕಡಿಮೆಯಿದ್ದ ಹಾಲೆಂಡಿನಲ್ಲಿ ಚಳಿ ಕಾಯಿಸಲು, ಅಡುಗೆ ಮಾಡಲು, ಇಟ್ಟಿಗೆ ಸುಡಲು, ಸಾರಾಯಿ ಬಟ್ಟಿಗೆ ಎಲ್ಲಕ್ಕೂ ಪೀಟ್ ಬೇಕಾಯಿತು. 17ನೆಯ ಶತಮಾನದಲ್ಲಿ ಆ ದೇಶ ವ್ಯಾಪಾರದಲ್ಲಿ ಮೆರೆದ ಕಾಲದಲ್ಲಿ ಅದರ ಒಲೆಗಳನ್ನು ಉರಿಸಿದ್ದು ಮುಖ್ಯವಾಗಿ ಪೀಟ್. ನೀರಿನ ಮಟ್ಟಕ್ಕಿಂತ ಮೇಲಿದ್ದುದನ್ನು ಮೊದಲು ಗುದ್ದಲಿಯಿಂದ ಕಡಿದರು. ಅದು ಮುಗಿದ ಮೇಲೆ, ಉದ್ದ ಕೋಲಿನ ತುದಿಗೆ ಕಬ್ಬಿಣದ ಬಳೆ, ಬಳೆಗೆ ಬಲೆಚೀಲ ಕಟ್ಟಿ ನೀರಿನಡಿಯ ಪೀಟನ್ನು ಬಗೆದು ಬಗೆದು ದೋಣಿಗೆ ತುಂಬಿದರು. ಪಕ್ಕದಲ್ಲಿ ಉಳಿಸಿಕೊಂಡ ಕಿರಿದಾದ ನೆಲದ ಪಟ್ಟಿಯ ಮೇಲೆ ಆ ಕೆಸರನ್ನು ಹರಡಿ, ಕಾಲಿಗೆ ಹಲಗೆ ಕಟ್ಟಿಕೊಂಡು ತುಳಿದು, ಇಟ್ಟಿಗೆಯಂತೆ ಕತ್ತರಿಸಿ, ನಮ್ಮ ಹೆಂಗಸರು ಬೆರಣಿ ಒಟ್ಟುವಂತೆ ಗಾಳಿಯಾಡುವ ಹಾಗೆ ಒಟ್ಟಿ ಒಣಗಿಸಿದರು. ಹಸಿ ಪೀಟಿನ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಅಂದ ಮೇಲೆ ಒಂದು ಒಣ ಇಟ್ಟಿಗೆಗಾಗಿ ಎಷ್ಟು ಕೆಸರು ಎತ್ತಬೇಕು, ಎತ್ತಿದವರ ಸೊಂಟ ಏನಾಗಬೇಕು ಎಂಬುದನ್ನು ಊಹಿಸಬಹುದು.

ಒಣಗಿದ ಪೀಟನ್ನು ಪಟ್ಟಣಕ್ಕೆ ಸಾಗಿಸಲು ತೋಡಿದ ದಾರಿಗಳೇ ಇಂದು ನಾವು ಫೋಟೋ ತೆಗೆಯುವ ಕಾಲುವೆಗಳು. ತೋಡಿ ತೆಗೆದ ನೆಲ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಇಷ್ಟೇ. ಅದು ಒಲೆಗಳಲ್ಲಿ ಉರಿದು ಹೊಗೆಯಾಗಿ ಹೋಯಿತು. ಬಿಟ್ಟುಹೋದ ಗುಂಡಿಯಲ್ಲಿ ನೀರು ನಿಂತಿತು.

ಅತಿಯಾಸೆಯ ಲೆಕ್ಕ

ಬಗೆದ ಗುಂಡಿಯನ್ನು ಅಲ್ಲಿಯ ಭಾಷೆಯಲ್ಲಿ 'ವೇರ್' ಎಂದೂ ಒಣಗಿಸುವ ನೆಲದ ಪಟ್ಟಿಯನ್ನು 'ರಿಬ್', ಅಂದರೆ ಪಕ್ಕೆಲುಬು ಎಂದೂ ಕರೆಯುತ್ತಿದ್ದರು. ಹೋಲಿಕೆ ಬಹಳ ಸರಿಯಾಗಿದೆ. ಪಕ್ಕೆಲುಬು ಗಟ್ಟಿಯಾಗಿದ್ದಷ್ಟು ಕಾಲ ದೇಹ ನಿಲ್ಲುತ್ತದೆ. ಆದರೆ ಪಟ್ಟಿ ಅಗಲವಾದಷ್ಟೂ ಅದರಡಿಯ ಪೀಟು ಮಾರಲು ಸಿಗುವುದಿಲ್ಲ. ಹಾಗಾಗಿ ಗುಂಡಿಗಳು ಅಗಲವಾದವು, ಪಟ್ಟಿಗಳು ಸಣ್ಣವಾದವು.

ಆಗ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಝಾಯ್ಡರ್‌ಝೇ ಎಂಬ ಸಮುದ್ರದ ಕೊಲ್ಲಿ ಇತ್ತು. 1775 ಮತ್ತು 1776ರ ಬಿರುಗಾಳಿಗಳಲ್ಲಿ ಸಮುದ್ರದ ನೀರು ಕಟ್ಟೆ ಒಡೆದು ನುಗ್ಗಿತು. ಗಾಳಿಗೆ ತೆರೆ ಎದ್ದು ಸಣ್ಣ ಪಟ್ಟಿಗಳನ್ನು ಕೊಚ್ಚಿತು. ಪಟ್ಟಿ ಹೋದಷ್ಟೂ ನೀರಿನ ಹರವು ಹೆಚ್ಚಿತು. ಹರವು ಹೆಚ್ಚಿದಷ್ಟೂ ತೆರೆಯ ಬಲ ಹೆಚ್ಚಿತು. ಖೀಟ್‌ಹೋರ್ನಿನ ನೆರೆಯ ಬ್ಯೂಲಾಕೆ ಎಂಬ ಇಡೀ ಹಳ್ಳಿ ಮುಳುಗಿಹೋಯಿತು. ಅದಿದ್ದ ಜಾಗದಲ್ಲಿ ಇಂದು ಬ್ಯೂಲಾಕರ್‌ವೈಡೆ ಎಂಬ ವಿಶಾಲ ಸರೋವರವಿದೆ. ಬಿಳಿ ಹಾಯಿಯ ದೋಣಿಗಳು ಅದರ ಮೇಲೆ ತೇಲುತ್ತವೆ. 1825ರಲ್ಲಿ ಮತ್ತೊಂದು ಪ್ರವಾಹ ಬಂದು ಉಳಿದ ಕಡೆಗಳನ್ನೂ ಕೊರೆಯಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇಲ್ಲಿದೆ. ಖೀಟ್‌ಹೋರ್ನಿನ ಸುತ್ತಲಿನ ವೀಡೆನ್ ಎಂಬ ಭಾಗದಲ್ಲಿ ದೊಡ್ಡ ಸರೋವರಗಳಿವೆ. ಉತ್ತರದ ವೇರ್‌ರಿಬ್ಬೆನ್ ಎಂಬ ಭಾಗದಲ್ಲಿ ಅವು ಇಲ್ಲ. ನಕ್ಷೆಯಲ್ಲಿ ನೋಡಿದರೆ ಬಾಚಣಿಗೆಯ ಹಲ್ಲಿನಂತೆ ಗುಂಡಿ-ಪಟ್ಟಿ, ಗುಂಡಿ-ಪಟ್ಟಿ ಸಾಲಾಗಿ ಉಳಿದಿವೆ. ಕಾರಣ, ಅಲ್ಲಿ ಪೀಟ್ ತೆಗೆದದ್ದು ಅನಂತರದ ಕಾಲದಲ್ಲಿ. ವೀಡೆನ್‌ನ ಗತಿಯನ್ನು ಕಂಡವರು ಪಟ್ಟಿಗಳನ್ನು ಅಗಲವಾಗಿ ಉಳಿಸಿಕೊಂಡರು. ಒಂದೇ ಮಣ್ಣು, ಒಂದೇ ಗಾಳಿ, ಒಂದೇ ಕಸುಬು. ವ್ಯತ್ಯಾಸ ಉಳಿಸಿಕೊಂಡ ಅಗಲದಲ್ಲಿ ಮಾತ್ರ. ಹೊಳೆಯ ಮರಳನ್ನು ಎಷ್ಟು ತೆಗೆಯಬಹುದು, ಎಷ್ಟು ಬಿಡಬೇಕು ಎಂದು ನಮ್ಮ ಊರುಗಳಲ್ಲಿ ನಡೆಯುವ ವಾದಕ್ಕೂ ಇದು ಅನ್ವಯಿಸುವ ಪಾಠ.

ಪೀಟಿನ ಕಾಲ 20ನೆಯ ಶತಮಾನದ ಮೊದಲ ಭಾಗದೊಡನೆ ಮುಗಿಯಿತು. ಜನ ಜೊಂಡು ಕೊಯ್ದು ಛಾವಣಿಗೆ ಮಾರಿದರು, ಮೀನು ಹಿಡಿದರು, ಹಸು ಸಾಕಿದರು. 1992ರಲ್ಲಿ ವೇರ್‌ರಿಬ್ಬೆನ್ ರಾಷ್ಟ್ರೀಯ ಉದ್ಯಾನವಾಯಿತು. 2009ರಲ್ಲಿ ವೀಡೆನ್ ಕೂಡ ಅದಕ್ಕೆ ಸೇರಿತು. ಒಟ್ಟು ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್. 1980ರ ದಶಕದ ಕೊನೆಗೆ ದೇಶದಿಂದಲೇ ಕಣ್ಮರೆಯಾಗಿದ್ದ ನೀರುನಾಯಿಗಳನ್ನು 2002ರಲ್ಲಿ ಹೊರಗಿನಿಂದ ತಂದು ಇಲ್ಲಿ ಬಿಟ್ಟರು. ಅವು ಈಗ ಸಂಸಾರ ಬೆಳೆಸಿವೆ. ಆದರೆ 'ಪ್ರಕೃತಿಯನ್ನು ಅದರ ಪಾಡಿಗೆ ಬಿಟ್ಟರಾಯಿತು' ಎಂಬ ಮಾತು ಇಲ್ಲಿ ನಡೆಯದು. ಬಿಟ್ಟರೆ ಗುಂಡಿಯಲ್ಲಿ ಮೊದಲು ತೇಲುಗಿಡ, ಆಮೇಲೆ ಜೊಂಡು, ಕೊನೆಗೆ ಆಲ್ಡರ್ ಮರ ಬೆಳೆದು ನೀರು ಕಾಡಾಗುತ್ತದೆ. ಜೊಂಡನ್ನು ಕೊಯ್ಯುತ್ತಿದ್ದರೆ ಮಾತ್ರ ಚಿಟ್ಟೆ, ಹಕ್ಕಿ, ನೀರುನಾಯಿಗಳಿಗೆ ಬೇಕಾದ ತೆರೆದ ಜೌಗು ಉಳಿಯುತ್ತದೆ.

ನೆರೆಮನೆಗೆ ಸೋರಿದ ನೀರು

ಮೂರನೆಯ ದಿನ ಬೇರೆ ದಾರಿಯಲ್ಲಿ ಹಿಂತಿರುಗಿದೆವು. ಫೋಲನ್‌ಹೋವೆ ಎಂಬ ಪಟ್ಟಣ ದಾಟಿದೊಡನೆ ನೆಲ ತಗ್ಗುತ್ತದೆ. ಬೇಲಿಯಿಲ್ಲದ, ಗೆರೆ ಎಳೆದಂಥ ಹೊಲಗಳು ಕಣ್ಣಿಗೆ ಎಟುಕುವಷ್ಟು ದೂರ. ನಾವು ಹೋಗುತ್ತಿದ್ದುದು ಸಮುದ್ರದ ತಳದ ಮೇಲೆ! 1932ರಲ್ಲಿ 32 ಕಿಲೋಮೀಟರ್ ಉದ್ದದ ಅಣೆಕಟ್ಟೆ ಹಾಕಿ ಝಾಯ್ಡರ್‌ಝೇಯನ್ನು ಸಮುದ್ರದಿಂದ ಬೇರ್ಪಡಿಸಿದರು. ಅದರ ಒಂದು ಭಾಗಕ್ಕೆ ಕಟ್ಟೆ ಕಟ್ಟಿ ಪಂಪುಗಳಿಂದ ನೀರೆತ್ತಿ 1942ರಲ್ಲಿ ಒಣಗಿಸಿದ್ದೇ ಈ ನೋರ್ಡ್‌ಓಸ್ಟ್‌ಪೋಲ್ಡರ್. ಹೊಲಗಳ ನಡುವೆ ಒಂದು ಉದ್ದನೆಯ ದಿಬ್ಬ ಕಾಣಿಸುತ್ತದೆ. ಅದು ಸ್ಖೋಕ್‌ಲ್ಯಾಂಡ್, ಒಂದು ಕಾಲದ ದ್ವೀಪ. ತೆರೆಯ ಹೊಡೆತ ತಾಳಲಾರದೆ 1859ರಲ್ಲಿ ಸರ್ಕಾರವೇ ಅಲ್ಲಿಯ ಜನರನ್ನು ಎಬ್ಬಿಸಿ ಕಳಿಸಿತು. 1995ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಾಲೆಂಡಿನ ಮೊದಲ ತಾಣ ಇದೇ.

ಈ ಪೋಲ್ಡರ್ ಎಂಜಿನಿಯರುಗಳಿಗೂ ಒಂದು ಪಾಠ ಹೇಳಿತು. ಸಮುದ್ರದ ತಳ ಒಣಗಿದಾಗ ಪಕ್ಕದ ಎತ್ತರದ ಹಳೆಯ ನೆಲದ ಅಂತರ್ಜಲ ತಗ್ಗಿನ ಕಡೆಗೆ ಸೋರತೊಡಗಿತು. ಹಳೆಯ ಹೊಲಗಳ ತೇವ ಇಳಿಯಿತು. ಎರಡು ಪಾತ್ರೆಗಳನ್ನು ಕೊಳವೆಯಿಂದ ಜೋಡಿಸಿದರೆ ನೀರು ಒಂದೇ ಮಟ್ಟಕ್ಕೆ ಬರುವ ಪ್ರಯೋಗವನ್ನು ನಾವು ತರಗತಿಯಲ್ಲಿ ಮಾಡಿ ತೋರಿಸುತ್ತೇವಲ್ಲ, ಅದೇ ತತ್ತ್ವ. ಮುಂದೆ 1957 ಮತ್ತು 1968ರಲ್ಲಿ ಫ್ಲೇವೋಲ್ಯಾಂಡಿನ ಪೋಲ್ಡರುಗಳನ್ನು ಒಣಗಿಸಿದಾಗ, ಹಳೆಯ ನೆಲಕ್ಕೂ ಹೊಸ ನೆಲಕ್ಕೂ ನಡುವೆ ಸರೋವರಗಳ ಸಾಲನ್ನು ಉಳಿಸಿದರು. ಹಳೆಯ ನೆಲದ ನೀರನ್ನು ಹಿಡಿದು ನಿಲ್ಲಿಸುವುದು ಅವುಗಳ ಕೆಲಸ.

ಇಷ್ಟನ್ನೆಲ್ಲ ನೋಡಿಕೊಳ್ಳುವವರು ಯಾರು? ನಮ್ಮ ಕೆರೆಗಳ ತೂಬು ಕಾಯಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಅಲ್ಲಿ ನೀರಿಗೆಂದೇ ಬೇರೆ ಪಂಚಾಯಿತಿಗಳಿವೆ. 13ನೆಯ ಶತಮಾನದಿಂದ ಬೆಳೆದು ಬಂದ ಈ ಜಲಮಂಡಳಿಗಳು ಇಂದು ದೇಶದಲ್ಲಿ 21. ಅವುಗಳಿಗೆ ಪ್ರತ್ಯೇಕ ಚುನಾವಣೆ, ಪ್ರತ್ಯೇಕ ತೆರಿಗೆ. ಯಾವ ಕಾಲುವೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲಬೇಕು ಎಂಬುದನ್ನು ಅವು ನಿರ್ಧರಿಸುತ್ತವೆ.

ಮುಗಿಯದ ಸಮಸ್ಯೆ

ಆದರೆ ಎಲ್ಲವೂ ಸುಖಾಂತವಾಗಿದೆ ಎನ್ನುವಂತಿಲ್ಲ. ಹಾಲೆಂಡಿನಲ್ಲಿ ತೋಡದೆ ಉಳಿದ ಪೀಟ್ ನೆಲವೂ ಬಹಳಷ್ಟಿದೆ. ಹಸು ಮೇಯಲು, ಟ್ರ್ಯಾಕ್ಟರ್ ಓಡಾಡಲು ಅದು ಗಟ್ಟಿಯಾಗಿರಬೇಕೆಂದು ನೀರನ್ನು ಬಸಿಯುತ್ತಾರೆ. ನೀರು ಇಳಿದ ಕಡೆ ಗಾಳಿ ಹೊಗುತ್ತದೆ. ಸಾವಿರಾರು ವರ್ಷ ಕೊಳೆಯದೆ ಇದ್ದ ಪೀಟ್ ಈಗ ಕೊಳೆತು ಇಂಗಾಲದ ಡೈ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಒಲೆಗೆ ಹಾಕದಿದ್ದರೂ ನೆಲ ಹೊಗೆಯಿಲ್ಲದೆ ಉರಿಯುತ್ತಿದೆ ಎಂದೇ ಹೇಳಬೇಕು. ಇಂಥ ಕಡೆ ನೆಲ ವರ್ಷಕ್ಕೆ ಕೆಲವು ಮಿಲಿಮೀಟರಿನಿಂದ ಒಂದು ಸೆಂಟಿಮೀಟರಿನವರೆಗೆ ಕುಸಿಯುತ್ತದೆ. ಕುಸಿದ ನೆಲದಲ್ಲಿ ಮತ್ತೆ ನೀರು ನಿಲ್ಲುತ್ತದೆ, ಮತ್ತೆ ಬಸಿಯಬೇಕು, ಮತ್ತೆ ಕುಸಿತ. ನೀರನ್ನು ಮೇಲಕ್ಕೆ ಏರಿಸಿದರೆ ಪೀಟ್ ಉಳಿಯುತ್ತದೆ, ಆದರೆ ಹೈನುಗಾರರ ಹುಲ್ಲುಗಾವಲು ಜೌಗಾಗುತ್ತದೆ. ಯಾವುದನ್ನು ಆರಿಸಬೇಕು ಎಂಬುದು ಅಲ್ಲಿ ಇಂದು ಬಿಸಿ ಚರ್ಚೆಯ ವಿಷಯ. ಸರಿ ಉತ್ತರ ಹಿಂದಿನ ಪುಟದಲ್ಲಿ ಅಚ್ಚಾಗಿರುವ ಲೆಕ್ಕವಲ್ಲ ಇದು.

ಖೀಟ್‌ಹೋರ್ನಿಗೆ ಇನ್ನೊಂದು ಹೊರೆಯೂ ಇದೆ. ಬೇಸಿಗೆಯ ಹಗಲಲ್ಲಿ ಊರಿನವರಿಗಿಂತ ನೋಡಲು ಬಂದವರೇ ಹೆಚ್ಚು. ದೋಣಿಗೆ ದೋಣಿ ತಾಗಿ ಕಾಲುವೆ ಸಂತೆಯಾಗುತ್ತದೆ. ಅಜ್ಜಂದಿರು ನೆಲವನ್ನು ಮಾರಿ ಬದುಕಿದರು. ಆ ನೆಲ ಹೋದ ಜಾಗದ ನೀರನ್ನು ತೋರಿಸಿ ಮೊಮ್ಮಕ್ಕಳು ಬದುಕುತ್ತಿದ್ದಾರೆ. ನೋಡುವವರೂ ಮಿತಿಯಲ್ಲಿದ್ದರೆ ಊರು ಉಳಿದೀತು.

ಹೋಗಬಯಸುವವರಿಗೆ ಎರಡು ಮಾತು. ಆಮ್‌ಸ್ಟರ್‌ಡ್ಯಾಮಿನಿಂದ ರಸ್ತೆಯಲ್ಲಿ ಸುಮಾರು 120 ಕಿಲೋಮೀಟರ್. ರೈಲಿನಲ್ಲಾದರೆ ಸ್ಟೇನ್‌ವೈಕ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಕ್ಯಾಂಪರ್ ಓಡಿಸುವವರು ಇಲ್ಲಿಂದಲೇ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗುವುದು ಒಳ್ಳೆಯದು. ಅಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಗೆ. ತಂಗುದಾಣವನ್ನು ಮುಂಚಿತವಾಗಿ ಕಾದಿರಿಸಿ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಆದರೆ ಸ್ವೆಟರ್ ಬೇಕೇ ಬೇಕು. ಕಾಲುವೆಯ ಬದಿಯ ಹೂದೋಟಗಳು ಉದ್ಯಾನಗಳಲ್ಲ, ಜನರ ಮನೆಯಂಗಳಗಳು. ಒಳಗೆ ಕಾಲಿಡಬಾರದು.

ಹೋಗಲಾಗದವರು ಬೇಸರಪಡಬೇಕಾಗಿಲ್ಲ. ಮಕ್ಕಳನ್ನು ಕರೆದುಕೊಂಡು ಹತ್ತಿರದ ಕೆರೆಗೋ ಕಲ್ಲುಕ್ವಾರಿಗೋ ಹೊಳೆಯ ದಂಡೆಗೋ ಹೋಗಿ. ಇಲ್ಲಿ ಮೊದಲು ಏನಿತ್ತು, ಏನನ್ನು ತೆಗೆದರು, ತೆಗೆದದ್ದು ಮತ್ತೆ ತುಂಬಲು ಎಷ್ಟು ವರ್ಷ ಬೇಕು ಎಂದು ಕೇಳಿ. ಕೊನೆಯ ಪ್ರಶ್ನೆಗೆ ಮಗು ತಾನೇ ಲೆಕ್ಕ ಹಾಕಿ ಉತ್ತರ ಹೇಳಿದ ದಿನ ಅದು ನಿಜವಾಗಿ ವಿಜ್ಞಾನ ಕಲಿಯಲು ತೊಡಗಿದೆ ಎಂದು ತಿಳಿಯಿರಿ.